ಪಾತಾಳದಣ್ಣನ ಕೋಲು

ಕೆಳಗಿನ ಮನೆಯವರು ಚಿಕ್ಕಮ್ಮನನ್ನು ದಿನಾ ಮಧ್ಯಾಹ್ನ ಮಾತಾಡಿಸುತ್ತಿದ್ದರು. ಹಾಗೆಂದು ಚಿಕ್ಕಮ್ಮ ನಂಬಿದ್ದಳು. ಅವಳು ಹೇಳಿದ್ದರಿಂದ ನಾನೂ ನಂಬಿದ್ದೆ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ, ಹುಟ್ಟಿದಾಗಿನಿಂದ ಕಿವಿ ಕೇಳದವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅಜ್ಜಿ. ಅಜ್ಜಿ ಹೋದ ಮೇಲೆ ಉಳಿದದ್ದು ನಾವಿಬ್ಬರು ಮತ್ತು ಅಜ್ಜಿ ಬಿಟ್ಟುಹೋದ ಮೂರನೇ ಮಹಡಿಯ ಎರಡು ಕೋಣೆ. ಮುಂದಿನ ಕೋಣೆ ಹೊಲಿಗೆ ಯಂತ್ರದ್ದು. ಕತ್ತರಿಸುವ ಮೇಜು, ಗೋಡೆಗೆ ಒರಗಿಸಿದ ಕನ್ನಡಿ, ಕಿಟಕಿಯಂಚಿಗೆ ಸಾಲಾಗಿ ನಿಲ್ಲಿಸಿದ ದಾರದ ಉಂಡೆಗಳು. ಬಾಗಿಲ ಮೇಲೊಂದು ಹಳದಿ ಬಲ್ಬು, ಹೊರಗೆ ಯಾರಾದರೂ ಗಂಟೆ ಒತ್ತಿದರೆ ಹತ್ತುವಂಥದ್ದು. ಬಟ್ಟೆ ಹೊಲಿಯಲು ಕೊಡುವವರು ಬಂದರೆ ಹತ್ತುತ್ತಿತ್ತು, ಹಾಲಿನವನು ಬಂದರೆ ಹತ್ತುತ್ತಿತ್ತು. ಕಟ್ಟಡದವರು ಯಾರೂ ಅದನ್ನು ಹತ್ತಿಸಿದ್ದಿಲ್ಲ.

ಚಿಕ್ಕಮ್ಮ ಬರಿಗಾಲಲ್ಲಿ ಹೊಲಿಯುತ್ತಾಳೆ. ದಾರ ಸಿಕ್ಕಿಕೊಂಡದ್ದು, ಸೂಜಿ ಮೊಂಡಾದದ್ದು, ಮೆಟ್ಟಿಲು ಹತ್ತಿ ಯಾರೋ ಬರುತ್ತಿರುವುದು, ಬರುವವರು ಸಿಟ್ಟಿನಲ್ಲಿದ್ದಾರೋ ಸುಸ್ತಾಗಿದ್ದಾರೋ, ಎಲ್ಲವೂ ಅವಳಿಗೆ ಅಂಗಾಲಿನಿಂದ ತಿಳಿಯುತ್ತದೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ನಾನು ಕಾಲೆಳೆದುಕೊಂಡು ಬಂದರೆ, ನಾನು ಬೀಗಕ್ಕೆ ಕೈ ಹಾಕುವ ಮೊದಲೇ ಅವಳು ನೀರು ಕಾಯಿಸಲು ಇಟ್ಟಿರುತ್ತಾಳೆ.

ಅಜ್ಜಿ ಕಥೆ ಹೇಳುವಾಗಲೂ ನೆಲವನ್ನು ಬಿಡುತ್ತಿರಲಿಲ್ಲ. ಎದುರಿಗೆ ಕೂತ ಮಗಳಿಗೆ ಕಿವಿ ಇಲ್ಲ, ಮೊಮ್ಮಗಳಿಗೆ ನಿದ್ದೆ ಇಲ್ಲ. ಬಾಯೊಂದೇ ಎಲ್ಲಿ ಸಾಲುತ್ತದೆ. ಕೈ, ಹುಬ್ಬು, ಹಿಮ್ಮಡಿ ಎಲ್ಲದರಿಂದಲೂ ಹೇಳುತ್ತಿದ್ದಳು. ಅದರಲ್ಲೊಂದು, ಯಾರೂ ಮಾತಾಡಿಸದ ಸೊಸೆಯ ಕಥೆ. ಮನೆ ತುಂಬ ಜನ, ಅವಳ ಪಾಲಿಗೆ ಒಂದು ನರಪಿಳ್ಳೆಯೂ ಇಲ್ಲ. ಒಂದು ದಿನ ನೆಲದ ಕೆಳಗಿಂದ ಧಪ್ ಧಪ್. ಪಾತಾಳದಲ್ಲಿರುವ ಅಣ್ಣ ತಂಗಿಯನ್ನು ವಿಚಾರಿಸಿಕೊಳ್ಳುತ್ತಿದ್ದಾನೆ. ಅವಳೂ ಹಿಮ್ಮಡಿಯಲ್ಲಿ ಧಪ್ ಧಪ್ ಎಂದು ಓಗೊಡುತ್ತಾಳೆ. "ಕೆಳಗಿನವರು ಕರೆದರೆ ಓಗೊಡಬೇಕು, ಓಗೊಡದ ಮನೆಯ ನೆಲ ಮುನಿಸಿಕೊಳ್ಳುತ್ತೆ" ಎಂದು ಅಜ್ಜಿ ಮುಗಿಸುತ್ತಿದ್ದಳು. ಧಪ್ ಧಪ್ ಬಂದಾಗಲೆಲ್ಲ ನಿಜವಾಗಿಯೂ ನೆಲ ಗುದ್ದುತ್ತಿದ್ದಳು. ಚಿಕ್ಕಮ್ಮನಿಗೆ ಕೇಳಿಸಿದ ಕಥೆ ಅದೊಂದೇ.

ಕೆಳಗಿನ ಮನೆಗೆ ರೈಲಿನ ಗಾರ್ಡ್ ಆಗಿದ್ದು ನಿವೃತ್ತರಾದ ಮುದುಕರೊಬ್ಬರು ಬಂದ ಮೇಲೆ, ಒಂದು ಸಂಜೆ ಚಿಕ್ಕಮ್ಮ ಕಣ್ಣರಳಿಸಿಕೊಂಡು ಕೈಯಲ್ಲಿ ಹೇಳಿದಳು: "ಕೆಳಗೆ ಪಾತಾಳದಣ್ಣ ಬಂದಿದಾನೆ. ಮಧ್ಯಾಹ್ನ ನಾನು ಹೊಲಿಯೋಕೆ ಕೂತ್ರೆ ಸಾಕು, ಕೋಲಲ್ಲಿ ಸೂರು ತಟ್ತಾನೆ. ನಾನೂ ತಟ್ತೀನಿ. ಮತ್ತೆ ತಟ್ತಾನೆ. ಒಳ್ಳೆ ಮಾತುಗಾರ."

ನನಗದು ಎಷ್ಟು ಹಿಡಿಸಿತೆಂದರೆ, ಮಾತ್ರೆ ಎಣಿಸುತ್ತ ಕೌಂಟರಿನಲ್ಲಿ ನಿಂತಾಗಲೂ ಅದನ್ನೇ ಬೆಳೆಸುತ್ತಿದ್ದೆ. ರಾತ್ರಿಯೆಲ್ಲ ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬರೇ ನಿಂತು ದೀಪ ಆಡಿಸಿದ ಮನುಷ್ಯನಿಗೆ ಮಾತಿಲ್ಲದ ಮಾತು ಗೊತ್ತಿರದೆ ಇರುತ್ತದೆಯೇ. ನನ್ನ ರಜೆಯ ದಿನ ಯಂತ್ರಕ್ಕೂ ರಜೆ; ಅಂದು ನಾವು ಬಟ್ಟೆ, ದಾರ ತರಲು ಹೋಗುತ್ತಿದ್ದೆವು. ಹಾಗಾಗಿ ಆ ತಟ್ಟುವಿಕೆಯನ್ನು ನಾನು ಕಿವಿಯಾರೆ ಕೇಳಿದ್ದೇ ಇಲ್ಲ. ಚಿಕ್ಕಮ್ಮ ಉಳಿದ ತುಂಡು ಬಟ್ಟೆ ಜೋಡಿಸಿ ಅವರಿಗೊಂದು ಮೆತ್ತನೆಯ ದಿಂಬು ಹೊಲಿದು ಬಾಗಿಲ ಹಿಡಿಗೆ ನೇತುಹಾಕಿ ಬಂದಳು. ದಿಂಬು ಒಳಗೆ ಹೋಯಿತು. ಅದರ ಮಾರನೇ ದಿನ ಕೋಲು ಜೋರಾಗಿ ತಟ್ಟಿತಂತೆ. "ಖುಷಿಯಾಗಿದೆ ಅವನಿಗೆ" ಎಂದಳು.

ಈ ಕಟ್ಟಡದಲ್ಲಿ ಒಂದು ಸಂಘವಿದೆ. ಅದರ ಅಧ್ಯಕ್ಷರನ್ನು ಚಿಕ್ಕಮ್ಮ ಹೊಕ್ಕುಳ ಮೇಲೆ ಎರಡು ಬೆರಳಿಟ್ಟು ತೋರಿಸುತ್ತಾಳೆ. ಅವರ ಅಂಗಿಯ ಆ ಗುಂಡಿ ಯಾವಾಗ ಬೇಕಾದರೂ ಹಾರಬಹುದು. ನಾವು ಅವರನ್ನು ಗುಂಡಿ ಎಂದೇ ಕರೆಯುವುದು. ಸಂಘದಲ್ಲಿ 'ಸಹಾಯಹಸ್ತ' ಎಂಬ ವಿಭಾಗ ಮಾಡಿಕೊಂಡಿರುವ ಹೆಂಗಸಿಗೆ ಚಿಕ್ಕಮ್ಮ ಇಟ್ಟ ಹೆಸರು ಹಲ್ಲು. ಆಕೆ ಯಾವುದೋ ತರಬೇತಿಗೆ ಹೋಗಿ ಒಂದಿಷ್ಟು ಕೈಭಾಷೆ ಕಲಿತು ಬಂದಿದ್ದಳು. ನೀರು, ಊಟ, ಚೆನ್ನಾಗಿದೆ, ಧನ್ಯವಾದ. ಇಷ್ಟರಲ್ಲೇ ಚಿಕ್ಕಮ್ಮನ ಬದುಕನ್ನೆಲ್ಲ ಮುಗಿಸುತ್ತಿದ್ದಳು.

ಒಂದು ಸಂಜೆ ನಾನು ಬರುವಷ್ಟರಲ್ಲಿ ಚಿಕ್ಕಮ್ಮ ದಾರದ ಉಂಡೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು.

"ಹಲ್ಲು ಮೆಟ್ಟಿಲಲ್ಲಿ ಸಿಕ್ಕಿದ್ಲು. ನನಗೊಂದು ದೊಡ್ಡ ಕೋಣೆ ಕೊಡ್ತಾರಂತೆ. ಕೆಳಗೆ. ಬಾಡಿಗೆ ಇಲ್ಲ. ಚೆನ್ನಾಗಿದೆ, ಧನ್ಯವಾದ."

"ಕೆಳಗೆ ಎಲ್ಲಿ?"

ಅವಳು ಭುಜ ಕುಣಿಸಿದಳು. ಹಲ್ಲಿಗೆ ಅಷ್ಟು ಕೈಭಾಷೆ ಬರುತ್ತಿರಲಿಲ್ಲ.

ನಾನು ಇಳಿದು ಹೋಗಿ ಅವಳ ಬಾಗಿಲು ತಟ್ಟಿದೆ. ಹಲ್ಲು ಹಲ್ಲುಬಿಟ್ಟಳು. "ಬಾಮ್ಮ. ಹೇಳಿದ್ರಾ ಚಿಕ್ಕಮ್ಮ? ತುಂಬಾ ಖುಷಿಪಟ್ರು. ನೆಲಮಾಳಿಗೇಲಿ ಜನರೇಟರ್ ಪಕ್ಕದ ಕೋಣೆ ಇದೆಯಲ್ಲ, ಅದನ್ನ ಸ್ವಾವಲಂಬನಾ ಕೇಂದ್ರ ಅಂತ ಮಾಡ್ತಿದೀವಿ. ಬಣ್ಣ ಹೊಡೆದು ಬೋರ್ಡ್ ಹಾಕ್ತೀವಿ."

"ಜನರೇಟರ್ ಪಕ್ಕನಾ? ಅಲ್ಲಿ ನಾಯೀನೂ ಮಲಗಲ್ಲ."

"ನಮಗೆ ನಿಮಗೆ ಕಷ್ಟ, ನಿಜ. ಅವರಿಗೇನಮ್ಮ ಸದ್ದು?" ಅವಳು ನನ್ನ ಕೆನ್ನೆ ತಟ್ಟಿದಳು. "ಕೆಳಗಿನ ಮನೆ ಗಾರ್ಡ್ ಸಾಹೇಬ್ರು ಸಂಘಕ್ಕೆ ದೂರು ಕೊಟ್ಟು ಕೊಟ್ಟು ಸಾಕಾಗಿದಾರೆ, ಪಾಪ. ಮಿಷನ್ ಸದ್ದಿಗೆ ಅವರಿಗೆ ಮಧ್ಯಾಹ್ನ ನಿದ್ದೆ ಇಲ್ಲ. ಹೀಗಾದ್ರೆ ಇಬ್ಬರಿಗೂ ಅನುಕೂಲ. ನಾಳೆ ಸಭೇಲಿ ಎಲ್ಲರೂ ಕೈ ಎತ್ತಿದ್ರೆ ಆಯ್ತು. ಚಿಕ್ಕಮ್ಮ ತಲೆ ಆಡಿಸಿ ಒಪ್ಪಿದಾರೆ."

"ನೀವು ಹೇಳಿದ್ದೇನು ಅಂತ ಅವಳಿಗೆ ಗೊತ್ತಾದ್ರೆ ತಾನೆ ಒಪ್ಪೋದು?"

"ನೋಡು, ಹಿಂಗೆ ಸಿಡಿಸಿಡಿ ಅಂದ್ರೆ ಸಹಾಯ ಮಾಡೋರೂ ದೂರ ಹೋಗ್ತಾರೆ" ಎಂದಳು. ನಗು ಮಾತ್ರ ಹಾಗೇ ಇತ್ತು.

ಚಿಕ್ಕಮ್ಮನನ್ನು ಕರೆದುಕೊಂಡು ನೆಲಮಾಳಿಗೆಗೆ ಹೋದೆ. ಕಾವಲಿನವನಿಗೆ ಹೇಳಿ ಬಾಗಿಲು ತೆಗೆಸಿ, ಜನರೇಟರ್ ಹಾಕಿಸಿದೆ. ನನ್ನ ಹಲ್ಲಿನ ಬೇರುಗಳು ಅದುರಿದವು. ಚಿಕ್ಕಮ್ಮ ಚಪ್ಪಲಿ ಕಳಚಿ ನೆಲಕ್ಕೆ ಕಾಲಿಟ್ಟಳು. ಇಟ್ಟವಳು ಹಾಗೇ ನಿಂತಳು. ನಾನು ಅವಳ ಬೆನ್ನ ಹಿಂದೆ ನಡೆದೆ, ಜೋರಾಗಿ ಕಾಲು ಅಪ್ಪಳಿಸಿದೆ. ಅವಳು ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದಳು. ಅವಳು ಹಾಗೆ ಬೆಚ್ಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೊರಗೆ ಬಂದ ಮೇಲೆ ಅವಳ ಕೈಗಳು ನಿಧಾನವಾಗಿ ಎದ್ದವು. "ಅಲ್ಲಿ ಕೂತ್ರೆ ನಾನು ಕಿವುಡಿ ಆಗ್ತೀನಿ."

ಗಾರ್ಡ್ ದೂರು ಕೊಟ್ಟ ಸಂಗತಿಯನ್ನು ನಾನು ಆ ರಾತ್ರಿ ಬಾಯಿಬಿಡಲಿಲ್ಲ. ಹಲ್ಲಿನ ಮಾತನ್ನು ನಂಬಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪಾತಾಳದಣ್ಣ ಸಭೆಗೆ ಬಂದು ತಂಗಿಯ ಪರ ನಿಲ್ಲುತ್ತಾನೆ ಎಂದು ಕಥೆಯನ್ನು ಇನ್ನೊಂದಿಷ್ಟು ಬೆಳೆಸಿಕೊಂಡು ಮಲಗಿದೆ.

ಸಭೆ ನೆಲಮಾಳಿಗೆಯ ಹಾಲಿನಲ್ಲಿ. ಕಿಟಕಿಯಿಲ್ಲದ ಜಾಗ, ಪ್ಲಾಸ್ಟಿಕ್ ಕುರ್ಚಿಗಳು, ಬಾಗಿಲ ಬಳಿ ಒಂದೇ ಸ್ವಿಚ್ ಬೋರ್ಡು. ಗುಂಡಿ ಮೇಜಿನ ಹಿಂದೆ, ಪಕ್ಕದಲ್ಲಿ ಹಲ್ಲು. ಮುಂದಿನ ಸಾಲಿನಲ್ಲಿ ಗಾರ್ಡ್, ತೊಡೆಯ ನಡುವೆ ದಪ್ಪನೆಯ ಕೋಲು. ಚಿಕ್ಕಮ್ಮ ಆ ಕೋಲನ್ನು ನೋಡಿ ಮುಗುಳ್ನಕ್ಕಳು. ಅವರು ಮುಖ ತಿರುಗಿಸಿದರು. "ನಾಚಿಕೆ ಸ್ವಭಾವ" ಎಂದು ಅವಳು ನನ್ನ ಕಡೆ ಬೆರಳಾಡಿಸಿದಳು.

ಗುಂಡಿ ಶುರುಮಾಡಿದರು. "ನಮ್ಮದು ಎಲ್ಲರನ್ನೂ ಒಳಗೊಳ್ಳೋ ಕಟ್ಟಡ. ಈ ಸಲ ಅದಕ್ಕೊಂದು ಪ್ರಶಸ್ತಿ ಬರೋ ಹಾಗಿದೆ. ಇಂಥ ಹೊತ್ತಲ್ಲಿ ನಮ್ಮ ಈ ವಿಶೇಷ ಸಹೋದರಿಗೆ..."

ನಾನು ಎದ್ದು ಚಿಕ್ಕಮ್ಮನ ಎದುರು ನಿಂತು ಕೈಯಾಡಿಸತೊಡಗಿದೆ.

"ಕೂತ್ಕೋಮ್ಮ" ಎಂದರು ಗುಂಡಿ. "ಅನುವಾದಕ್ಕೆ ಇವರಿದಾರೆ. ಮನೆಯವರೇ ಮಾಡಿದ್ರೆ ಪಕ್ಷಪಾತ ಆಗುತ್ತೆ."

ಹಲ್ಲು ಎದ್ದು ನಿಂತು ಚಿಕ್ಕಮ್ಮನಿಗೆ ತಿಳಿಸಿದಳು: ಊಟ, ಚೆನ್ನಾಗಿದೆ, ಕೋಣೆ, ಧನ್ಯವಾದ. 'ಊಟ' ಯಾಕೆ ಬಂತೋ ದೇವರಿಗೇ ಗೊತ್ತು.

ಚಿಕ್ಕಮ್ಮ 'ಇಲ್ಲ' ಎಂದು ಕೈ ಅಡ್ಡಾಡಿಸಿದಳು.

"ಬೇಡ, ಮುಜುಗರ ಆಗುತ್ತೆ ಅಂತಿದಾರೆ" ಎಂದು ಹಲ್ಲು ಸಭೆಗೆ ತಿಳಿಸಿದಳು. ಎಲ್ಲರೂ ಅಯ್ಯೋ ಪಾಪ ಎಂಬಂತೆ ನಕ್ಕರು. ನಾಲ್ಕನೇ ಮಹಡಿಯ ದಂತವೈದ್ಯರು, "ಮುಜುಗರ ಯಾಕೆ, ನಮ್ಮವರೇ ಅಲ್ವಾ" ಎಂದರು. ಅವರ ಹೆಂಡತಿ ಪಕ್ಕದವಳ ಕಿವಿಯಲ್ಲಿ, "ಮೊದಲು ಮೆಟ್ಟಿಲ ತುಂಬ ಓಡಾಡೋ ಗಿರಾಕಿಗಳು ತಪ್ಪಿದ್ರೆ ಸಾಕು" ಎಂದಳು. ಪಕ್ಕದವಳು ಇನ್ನೇನೋ ಹೇಳಿದಳು. ಹಿಂದಿನ ಸಾಲಿನವರು ನೀರಿನ ಟ್ಯಾಂಕಿನ ಮಾತು ತೆಗೆದರು. ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಚಿಕ್ಕಮ್ಮ ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಣ್ಣು ಹಾಯಿಸುತ್ತಿದ್ದಳು, ಸಂತೆಯಲ್ಲಿ ಕೈಬಿಟ್ಟ ಮಗುವಿನ ಹಾಗೆ.

ಆಮೇಲೆ ಅವಳು ಎದ್ದು ಹೋಗಿ ದೀಪ ಆರಿಸಿದಳು.

ನಮ್ಮ ಮನೆಯಲ್ಲಿ ಇದು ದಿನನಿತ್ಯದ ಸಂಗತಿ. ಕರೆಯಬೇಕೆಂದರೆ ದೀಪ ಆರಿಸಿ ಹಾಕುವುದು. ಅಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. ದೀಪ ಮತ್ತೆ ಬಂದಾಗ ಎಲ್ಲರ ಮುಖವೂ ಚಿಕ್ಕಮ್ಮನ ಕಡೆಗಿತ್ತು. ಅವಳು ಕೈಯಾಡಿಸಿ, ಕೊನೆಗೆ ನನ್ನ ಕಡೆ ಬೆರಳು ಮಾಡಿದಳು.

"ಒಬ್ಬೊಬ್ಬರೇ ಮಾತಾಡಿ ಅಂತಿದಾಳೆ" ಎಂದೆ, ಬಾಯಲ್ಲೂ ಕೈಯಲ್ಲೂ. "ಮತ್ತೆ ಇನ್ಮೇಲೆ ನಾನೇ ಹೇಳ್ಬೇಕಂತೆ, ಹೇಳ್ತೀನಿ. ಅವಳು ಹೇಳಿದ್ದನ್ನ ಹಾಗೇ, ನೀವು ಹೇಳಿದ್ದನ್ನ ಹಾಗೇ. ಮೆಟ್ಟಿಲ ಮೇಲಿನ ಗಿರಾಕಿಗಳ ಮಾತನ್ನೂ."

ದಂತವೈದ್ಯರ ಹೆಂಡತಿ ಕತ್ತು ಬಗ್ಗಿಸಿ ಸೆರಗಿನಂಚು ನೋಡಿಕೊಂಡಳು.

ಚಿಕ್ಕಮ್ಮನ ಕೈಗಳು ನಡೆದವು. ನಾನು ಅವುಗಳ ಹಿಂದೆಯೇ ಓಡಿದೆ. "ಆ ಕೋಣೆ ನನಗೆ ಬೇಡ. ನಾನು ನೆಲದಿಂದ ಕೇಳೋಳು. ಅಲ್ಲಿ ನೆಲಕ್ಕೆ ಜ್ವರ ಬಂದ ಹಾಗೆ ನಡುಕ. ಕಳ್ಳ ಬಂದ್ರೂ ಗೊತ್ತಾಗಲ್ಲ, ಬೆಂಕಿ ಬಿದ್ರೂ ಗೊತ್ತಾಗಲ್ಲ. ನನ್ನ ಮಿಷನ್ ಸದ್ದು ಜಾಸ್ತಿ ಆಗಿದ್ರೆ ಯಾರಿಗೆ ಆಗಿದೆ ಹೇಳಿ. ನನಗೆ ಸದ್ದು ಗೊತ್ತಿಲ್ಲ. ಬಂದು ಹೇಳಿದ್ರೆ ಅಲ್ವಾ ಗೊತ್ತಾಗೋದು."

"ಬಂದು ಹೇಳ್ಬೇಕಾ?" ಗಾರ್ಡ್ ಎದ್ದು ನಿಂತರು. "ದಿನಾ ಹೇಳ್ತಿದೀನಲ್ರೀ, ಈ ಕೋಲಲ್ಲಿ. ನಲವತ್ತು ವರ್ಷ ರಾತ್ರಿ ಪಾಳಿ ಮಾಡಿದ ದೇಹ ಇದು, ಹಗಲು ಬಿಟ್ರೆ ನಿದ್ದೆ ಬರಲ್ಲ. ಮಿಷನ್ ಶುರುವಾದ್ರೆ ನನ್ನ ಸೂರು ಜೇನುಗೂಡು. ನಿಲ್ಸು ಅಂತ ಕುಟ್ತೀನಿ. ಈ ಹೆಂಗಸು ಏನ್ ಮಾಡ್ತಾಳೆ ಗೊತ್ತಾ? ನನ್ನ ತಲೆ ಮೇಲೆ ಒದೀತಾಳೆ. ಧಪ್ ಧಪ್. ನಾನು ಇನ್ನೂ ಜೋರಾಗಿ ಕುಟ್ಟಿದ್ರೆ ಇನ್ನೂ ಜೋರಾಗಿ ಒದೀತಾಳೆ. ಸಾಲದು ಅಂತ ದಿಂಬು ಬೇರೆ ಕಳಿಸ್ತಾಳೆ. ನಿದ್ದೆ ಕೆಡಿಸಿ ದಿಂಬು ಕಳಿಸೋದು! ಇಂಥ ಕುಚೋದ್ಯ ನನ್ನ ಜನ್ಮದಲ್ಲಿ ನೋಡಿಲ್ಲ."

ಸಭೆ ಗೊಳ್ಳೆಂದು ನಕ್ಕಿತು. ಚಿಕ್ಕಮ್ಮ ನಗುವವರನ್ನು ನೋಡಿ ತಾನೂ ಅರ್ಧ ನಕ್ಕು ನನ್ನ ಕಡೆ ತಿರುಗಿದಳು. "ಏನಂದ? ದಿಂಬಿನ ಮಾತು ಬಂತು, ಕೈಯಲ್ಲಿ ತೋರಿಸಿದ."

ನನ್ನ ಕೈ ಏಳಲಿಲ್ಲ. ಅಜ್ಜಿಯಾಗಿದ್ದರೆ ಇಲ್ಲೊಂದು ತಿರುವು ಕೊಟ್ಟು ಕಥೆಯನ್ನು ಕಾಪಾಡುತ್ತಿದ್ದಳೇನೋ.

"ಹೇಳು" ಎಂದಳು ಚಿಕ್ಕಮ್ಮ. "ಹಾಗೇ ಹೇಳ್ತೀನಿ ಅಂದೆಯಲ್ಲ."

ಹೇಳಿದೆ. ನಿಲ್ಲಿಸು ಎಂದು ಕುಟ್ಟುತ್ತಿದ್ದರು ಎಂದೆ. ನಿನ್ನ ಓಗೊಡುವಿಕೆ ಅವರಿಗೆ ಒದೆತ ಎಂದೆ. ದಿಂಬು ಕುಚೋದ್ಯ ಎಂದೆ. ಪ್ರತಿ ಮಾತಿಗೂ ಅವಳ ಮುಖದಿಂದ ಏನೋ ಒಂದೊಂದೇ ಕಳಚಿ ಬೀಳುತ್ತಿತ್ತು, ಹೊಲಿಗೆ ಬಿಚ್ಚಿದ ಬಟ್ಟೆಯ ಹಾಗೆ. ಕೊನೆಗೆ ಬರೀ ಮುಖ ಉಳಿಯಿತು. ಅದು ನಾನು ಅರಿಯದ ಮುಖ, ಸೂಜಿಯಷ್ಟು ಚೂಪು.

ಅವಳು ನನ್ನನ್ನು ಬಿಟ್ಟು ಗಾರ್ಡ್ ಕಡೆಗೇ ತಿರುಗಿ ಕೈಯಾಡಿಸಿದಳು. ನಾನು ದನಿ ಕೊಟ್ಟೆ.

"ಈ ಕಟ್ಟಡದಲ್ಲಿ ನನ್ನ ಮಾತಾಡಿಸೋನು ನೀನೊಬ್ಬನೇ ಅಂದ್ಕೊಂಡಿದ್ದೆ. ಕ್ಷೇಮನಾ ಅಂತ ಕೇಳ್ತಿದೀಯ ಅಂದ್ಕೊಂಡು ಕ್ಷೇಮ, ನೀನು ಕ್ಷೇಮನಾ ಅಂತ ತಟ್ತಿದ್ದೆ. ಈಗ ಗೊತ್ತಾಯ್ತು. ನೀನೂ ಇವರ ಹಾಗೇ. ಇವರಿಗಾದ್ರೂ ಕೈಯಲ್ಲಿ ಕೋಲಿಲ್ಲ."

ಯಾರೂ ನಗಲಿಲ್ಲ. ಗಾರ್ಡ್ ಕೋಲನ್ನು ಎಳೆದುಕೊಂಡು ಕೂತರು.

ಗುಂಡಿ ಗಂಟಲು ಸರಿಮಾಡಿಕೊಂಡರು. "ಭಾವುಕತೆ ಬೇಡ. ಸಂಘ ಅಂದ್ಮೇಲೆ ಬಹುಮತ. ನೆಲಮಾಳಿಗೆಗೆ ಹೋಗಲಿ ಅನ್ನೋರು ಕೈ ಎತ್ತಿ."

"ಅದು ಅವಳ ಸ್ವಂತ ಮನೆ" ಎಂದೆ.

"ಮನೆ ಅವರದ್ದೇ. ದಂಧೆ ಮಾಡೋಕೆ ಬಿಡೋದು ಬಿಡದೆ ಇರೋದು ಸಂಘದ್ದು. ಎತ್ರಪ್ಪ ಕೈ."

ಕೈಗಳು ಎದ್ದವು. ಒಂದೆರಡು ಬೇಗ, ಉಳಿದವು ಅಕ್ಕಪಕ್ಕ ನೋಡಿಕೊಂಡು. ಕೈಯೆತ್ತಿ ಆಡಿಸುವುದೆಂದರೆ ನಮ್ಮ ಮನೆಯಲ್ಲಿ ಚಪ್ಪಾಳೆ. ಅಷ್ಟು ಕೈಗಳು ಚಿಕ್ಕಮ್ಮನ ಎದುರು ಒಟ್ಟಿಗೆ ಎದ್ದದ್ದು ಅದೇ ಮೊದಲು. ಗುಂಡಿ ಬೆರಳು ಚಾಚಿ ಎಣಿಸಲು ಶುರುಮಾಡಿದರು.

ದೀಪ ಆರಿತು. ಈ ಸಲ ಮತ್ತೆ ಬರಲಿಲ್ಲ.

"ಸ್ವಿಚ್ ಹಾಕ್ರೀ ಯಾರಾದ್ರೂ."

"ಅವರು ಬೋರ್ಡಿಗೆ ಒರಗಿ ನಿಂತಿದಾರೆ."

"ಸರಿಸಿ ಹಾಕಿ."

"ನೀವೇ ಸರಿಸಿ. ಹೆಂಗಸಿನ ಮೈ ಮುಟ್ಟೋರು ಯಾರು?"

"ಈಗ ಕೈ ಎಣಿಸೋದು ಹೆಂಗೆ?"

ಕತ್ತಲೆಯಲ್ಲಿ ಅವರಿಗೆ ಬಾಯಿಯಾದರೂ ಇತ್ತು. ಚಿಕ್ಕಮ್ಮನಿಗೆ ಅದೂ ಇಲ್ಲ. ಅವಳ ಮಾತಿಗೆ ಬೆಳಕು ಬೇಕು. ಅವರ ಕೈ ಕಟ್ಟಲು ಅವಳು ತನ್ನ ನಾಲಿಗೆಯನ್ನೇ ಕೊಯ್ದುಕೊಂಡು ನಿಂತಿದ್ದಳು. ಏನು ಹೇಳಬೇಕೆಂದು ನನಗೆ ಹೇಳಲೂ ಅವಳಿಗೆ ಆಗುತ್ತಿರಲಿಲ್ಲ. ನಾನು ಕುರುಡಿಯಂತೆ ಗೋಡೆ ಸವರುತ್ತ ಅವಳ ತೋಳು ಹುಡುಕಿ ಹಿಡಿದುಕೊಂಡೆ.

ಆಗ ಮುಂದಿನ ಸಾಲಿನಿಂದ ಕೋಲು ನೆಲಕ್ಕೆ ಬಡಿಯಿತು. ಧಪ್ ಧಪ್. ಸುಮ್ಮನಿರಿ ಎಂದು ಸಭೆಗೆ ಕುಟ್ಟಿದ್ದೋ, ಸಾಕು ಮಾಡು ಎಂದು ಇವಳಿಗೆ ಕುಟ್ಟಿದ್ದೋ. ಚಿಕ್ಕಮ್ಮ ಹಿಮ್ಮಡಿ ಎತ್ತಿ ಅಪ್ಪಳಿಸಿದಳು. ಇದು ಓಗೊಡುವಿಕೆಯಲ್ಲ, ಪಕ್ಕಾ ಒದೆತ. ನನ್ನ ಅಂಗಾಲಿಗೂ ಅದರ ಅರ್ಥ ತಿಳಿಯಿತು.

"ಹೋ, ಈಗ ನೋಡಿ, ಇದು ಒದೆಯೋದು" ಎಂದರು ಗಾರ್ಡ್ ಕತ್ತಲೆಯಲ್ಲಿ. "ಅಧ್ಯಕ್ಷರೇ, ನನ್ನ ದೂರು ವಾಪಸ್ ತಗೋತೀನಿ."

"ಅದ್ಯಾಕೆ ಸಾರ್?"

"ನಾನು ಸದ್ದು ಕಮ್ಮಿ ಮಾಡ್ಸಿ ಅಂದಿದ್ದೆ. ಆ ಭೂತದ ಗುಹೇಲಿ ಕೂರಿಸಿ ಅಂತ ಅಂದಿದ್ನಾ? ನಿಮ್ಮ ಪ್ರಶಸ್ತಿಗೆ ನನ್ನ ನಿದ್ದೆ ಯಾಕೆ ನೆಪ? ಜಗಳ ನಂದು, ನಾನೇ ಆಡ್ಕೋತೀನಿ."

"ಬೋರ್ಡ್ ಬರೆಸೋಕೆ ಕೊಟ್ಟಾಗಿದೆ" ಎಂದು ಹಲ್ಲಿನ ದನಿ ಬಂತು. ಕತ್ತಲೆಯಲ್ಲಿ ಅವಳ ನಗು ಕಾಣುತ್ತಿರಲಿಲ್ಲ, ಹಾಗಾಗಿ ದನಿ ಮೊದಲ ಸಲ ನಿಜವಾದ ಬಣ್ಣದಲ್ಲಿ ಕೇಳಿಸಿತು. "ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಮರ್ಯಾದೆ? ಇಂಥೋರಿಗೆ ಸಹಾಯ ಮಾಡಬಾರದು ಅನ್ನೋದು ಇದಕ್ಕೇ."

ಕುರ್ಚಿಗಳು ಸರಿದವು. ದೂರು ಕೊಟ್ಟವರೇ ಇಲ್ಲದ ಮೇಲೆ ಕೈ ಎತ್ತುವ ಹುಮ್ಮಸ್ಸು ಯಾರಿಗಿರುತ್ತದೆ. ಒಬ್ಬೊಬ್ಬರೇ ಮೊಬೈಲಿನ ಬೆಳಕು ಹಿಡಿದು, ನಮ್ಮ ಮುಖಕ್ಕೆ ಮಾತ್ರ ಬಿಡದಂತೆ ನೋಡಿಕೊಂಡು ಹೊರಟುಹೋದರು.

ಮಾರನೇ ಬೆಳಿಗ್ಗೆ ನಾನು ಅಂಗಡಿಗೆ ಹೊರಡುವ ಹೊತ್ತಿಗೆ ಬಾಗಿಲ ಮೇಲಿನ ಬಲ್ಬು ಹತ್ತಿತು. ಗಾರ್ಡ್ ನಿಂತಿದ್ದರು, ಕೈಯಲ್ಲಿ ಹಳೇ ಟೈರಿನಿಂದ ಕೊಯ್ದ ರಬ್ಬರು ತುಂಡುಗಳು.

"ಬಂದು ಹೇಳು ಅಂದ್ಯಲ್ಲ, ಬಂದಿದೀನಿ" ಎಂದು ಚಿಕ್ಕಮ್ಮನ ಮುಖಕ್ಕೆ ಹೇಳಿದರು. "ನಿನ್ನ ಮಿಷನ್ನು ದರಿದ್ರ ಮಿಷನ್ನು. ಅದರ ಕಾಲಿಗೆ ಇದನ್ನ ಇಡು." ಮತ್ತೆ ನನ್ನ ಕಡೆ ತಿರುಗಿ, "ದರಿದ್ರ ಅನ್ನೋದನ್ನೂ ಹೇಳಿದ್ಯಾ?"

"ಹೇಳ್ದೆ."

"ಏನಂತಾಳೆ?"

"ನಿಮ್ಮ ಪ್ಯಾಂಟಿನ ಹೊಲಿಗೆಗಿಂತ ವಾಸಿ ಅಂತೆ."

ಅವರು ಬಗ್ಗಿ ಪ್ಯಾಂಟು ನೋಡಿಕೊಂಡರು. "ದಿಂಬು ವಾಪಸ್ ಕೊಡಲ್ಲ" ಎಂದು ಮೆಟ್ಟಿಲಿಳಿದರು. ಅರ್ಧಕ್ಕೆ ನಿಂತು, "ಒಳ್ಳೆಯವನಾಗ್ಬಿಟ್ಟೆ ಅಂತ ಅಂದ್ಕೋಬೇಡಿ" ಎಂದರು. ಅದನ್ನೂ ಹೇಳಿದೆ.

ರಬ್ಬರು ಇಟ್ಟ ಮೇಲೆ ಕೋಲು ನಿಂತಿತು. ಕಟ್ಟಡದವರ ಮಾತೂ ನಿಂತಿತು. ಮೆಟ್ಟಿಲಲ್ಲಿ ನಾವು ಎದುರಾದರೆ ಮಾತು ಸತ್ತುಹೋಗುತ್ತದೆ. ದಂತವೈದ್ಯರ ಹೆಂಡತಿ ಕೆಲಸದವಳ ಕೈಯಲ್ಲಿ ಹೊಲಿಯಲು ಕಳಿಸಿದ್ದ ಪರದೆ ಬಟ್ಟೆಯನ್ನು ಅವಳ ಕೈಯಲ್ಲೇ ವಾಪಸ್ ತರಿಸಿಕೊಂಡಳು. ಹಲ್ಲು ನಮ್ಮನ್ನು ಕಂಡರೆ ಈಗ ಬಾಯಿ ಮುಚ್ಚಿಕೊಳ್ಳುತ್ತಾಳೆ; ಅದೊಂದು ಲಾಭ. ನಾನೂ ಅವರಲ್ಲಿ ಒಬ್ಬರನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಅವಸರವೂ ಇಲ್ಲ.

ಆದರೆ ಚಿಕ್ಕಮ್ಮ ಹೊಲಿಯುತ್ತ ಹೊಲಿಯುತ್ತ ನಿಲ್ಲಿಸುತ್ತಿದ್ದಳು. ಅಂಗಾಲು ಎತ್ತಿ, ಇಟ್ಟು, ಮತ್ತೆ ಎತ್ತಿ ನೋಡುತ್ತಿದ್ದಳು. "ಏನು ಹುಡುಕ್ತೀಯ?" ಎಂದು ಕೇಳಿದರೆ ಸೂಜಿ ಎನ್ನುತ್ತಿದ್ದಳು.

ನನ್ನ ರಜೆಯ ದಿನ ಬಂತು. ದಾರ ತರಲು ಹೋಗೋಣವೆಂದರೆ ಮನೆಯಲ್ಲಿ ಬೇಕಾದಷ್ಟಿದೆ ಎಂದಳು. ಊಟವಾದ ಮೇಲೆ ಯಂತ್ರಕ್ಕೆ ಕೂತಳು. ನನ್ನನ್ನೊಮ್ಮೆ ಓರೆಗಣ್ಣಲ್ಲಿ ನೋಡಿ, ಯಂತ್ರವನ್ನು ಭುಜದಿಂದ ತುಸು ಎತ್ತಿ, ಕಾಲ ಹೆಬ್ಬೆರಳಿನಿಂದ ಒಂದು ರಬ್ಬರು ತುಂಡನ್ನು ಹೊರಗೆ ಸರಿಸಿದಳು. ಆಮೇಲೆ ದಪ್ಪ ಗೋಣಿಬಟ್ಟೆಯ ಚೀಲವೊಂದನ್ನು ಸೂಜಿಯ ಕೆಳಗೆ ತಳ್ಳಿ, ಕುದುರೆ ಓಡಿಸಿದ ಹಾಗೆ ಯಂತ್ರ ಓಡಿಸಿದಳು. ಕನ್ನಡಿ ಗಡಗಡಿಸಿತು.

ಕೆಳಗಿಂದ ಕೋಲು ಬಂತು. ನಾನು ಮೊದಲ ಸಲ ಕಿವಿಯಾರೆ ಕೇಳಿದೆ. ಬರೀ ಸಿಟ್ಟಿನ, ನಿದ್ದೆಗೆಟ್ಟ ಮುದುಕನ ಕೋಲು. ಅದರಲ್ಲಿ ಅಣ್ಣನೂ ಇರಲಿಲ್ಲ, ಪಾತಾಳವೂ ಇರಲಿಲ್ಲ.

ಚಿಕ್ಕಮ್ಮ ಹಿಮ್ಮಡಿ ಅಪ್ಪಳಿಸಿದಳು.

"ಏನಂತಾನೆ?" ಎಂದು ನನ್ನನ್ನು ಕೇಳಿದಳು.

"ಬೈತಿದಾರೆ."

"ನಾನೂ" ಎಂದಳು. ಮತ್ತೆ ಚೀಲದ ಅಂಚಿಗೆ ಬಗ್ಗಿದಳು.